ಶಿರೂರು ಟೋಲಿನಿಂದ ವಾರಾಹಿಯವರೆಗೆ: ಎಂಜಿನಿಯರಿಂಗ್‌ನ ಹಲವು ದಾರಿಗಳು

ಭಟ್ಕಳ ದಾಟಿ ದಕ್ಷಿಣಕ್ಕೆ ಬರುವವರಿಗೆ ಉಡುಪಿ ಜಿಲ್ಲೆಯ ಬಾಗಿಲಲ್ಲೇ ಎದುರಾಗುವುದು ಶಿರೂರಿನ ಟೋಲ್‌ಗೇಟ್. ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನೊಳಗೆ ಬ್ಯಾಟರಿ ಇಲ್ಲ. ಗೇಟಿನ ಮೇಲಿರುವ ರೀಡರ್ 865 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆಯನ್ನು ಬಿಡುತ್ತದೆ. ಟ್ಯಾಗಿನ ಆಂಟೆನಾ ಆ ಅಲೆಯಿಂದಲೇ ಒಂದಿಷ್ಟು ಶಕ್ತಿ ಹೀರಿಕೊಂಡು ಚಿಪ್ಪನ್ನು ಎಬ್ಬಿಸುತ್ತದೆ. ಎದ್ದ ಚಿಪ್ ತನ್ನ ಗುರುತಿನ ಸಂಖ್ಯೆಯನ್ನು ಅದೇ ಅಲೆಯಲ್ಲಿ ಹಿಂದಕ್ಕೆ ಕಳಿಸುತ್ತದೆ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ದೇಶದ ಹೆದ್ದಾರಿ ಟೋಲ್‌ಗಳಲ್ಲಿ ಕಡ್ಡಾಯ. ಆಂಟೆನಾ ರೂಪಿಸಿದವರು ಎಲೆಕ್ಟ್ರಾನಿಕ್ಸ್ ಓದಿದವರು, ಖಾತೆಯಿಂದ ಹಣ ಕಡಿತ ಮಾಡುವ ವ್ಯವಸ್ಥೆ ಕಂಪ್ಯೂಟರ್ ಓದಿದವರದು, ತಡೆಗೋಲನ್ನು ಎತ್ತುವ ಮೋಟಾರಿನ ಹಿಂದೆ ಎಲೆಕ್ಟ್ರಿಕಲ್‌ನವರಿದ್ದಾರೆ, ಅಡಿಯ ಕಾಂಕ್ರೀಟು ಸಿವಿಲ್‌ನವರದು.

ಅದೇ ಜಾಗದಲ್ಲಿ 2022ರ ಜುಲೈ 20ರಂದು ಏನಾಯಿತೆಂದು ಈ ಸೀಮೆಯವರು ಮರೆತಿಲ್ಲ. ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಮಳೆಗೆ ತೊಯ್ದ ಟೋಲ್ ಪಥದಲ್ಲಿ ಜಾರಿ ಬೂತಿಗೆ ಬಡಿಯಿತು. ನಾಲ್ವರು ಸತ್ತರು. ಸಿಬ್ಬಂದಿ ಅಡ್ಡವಿದ್ದ ಬ್ಯಾರಿಕೇಡ್‌ಗಳನ್ನು ಎಳೆದು ಹಾಕಲು ಓಡಾಡುತ್ತಿದ್ದ ಆ ದೃಶ್ಯ ಸಿಸಿ ಕ್ಯಾಮೆರಾದಲ್ಲಿ ದಾಖಲಾಗಿ ದೇಶವೆಲ್ಲ ನೋಡಿತು. ಎಂಜಿನಿಯರಿಂಗ್ ಓದಲು ಹೊರಟವರು ಆ ದೃಶ್ಯವನ್ನು ಬೇರೊಂದು ಕಣ್ಣಿನಿಂದಲೂ ನೋಡಬೇಕು. ಬ್ರೇಕ್ ಒತ್ತಿದ ಮೇಲೆ ವಾಹನ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬುದನ್ನು ವೇಗದ ವರ್ಗ ಮತ್ತು ಟೈರು–ರಸ್ತೆಗಳ ನಡುವಿನ ಘರ್ಷಣೆ ಸೇರಿ ತೀರ್ಮಾನಿಸುತ್ತವೆ. ಗಂಟೆಗೆ 80 ಕಿ.ಮೀ. ವೇಗ, ಒಣ ರಸ್ತೆ, ಘರ್ಷಣಾಂಕ 0.7 ಎಂದಿಟ್ಟುಕೊಂಡರೆ ಆ ದೂರ ಸುಮಾರು 36 ಮೀಟರ್. ಒದ್ದೆಯಾಗಿ ನುಣುಪಾದ ಮೈಯಲ್ಲಿ ಘರ್ಷಣಾಂಕ ಅರ್ಧಕ್ಕಿಳಿದರೆ 72 ಮೀಟರ್. ವೇಗವನ್ನೇ ಅರ್ಧ ಮಾಡಿದರೆ ದೂರ ಕಾಲು ಭಾಗಕ್ಕಿಳಿಯುತ್ತದೆ. ಟೋಲಿನ ಮುಂದಿನ ರಸ್ತೆಯ ಮೈ ಎಷ್ಟು ಒರಟಿರಬೇಕು, ನೀರು ಯಾವ ಕಡೆಗೆ ಹರಿಯಬೇಕು, ತುರ್ತು ವಾಹನದ ಪಥ ಹೇಗೆ ತೆರವಾಗಿರಬೇಕು ಎಂದು ಲೆಕ್ಕ ಹಾಕುವುದಕ್ಕೆ ಸಾರಿಗೆ ಎಂಜಿನಿಯರಿಂಗ್ ಎಂಬ ಪೂರ್ಣ ಪ್ರಮಾಣದ ವಿಷಯವೇ ಇದೆ. ಸಿವಿಲ್ ಓದಿದವರು ಎಂ.ಟೆಕ್.ನಲ್ಲಿ ಇದನ್ನು ಆರಿಸಿಕೊಳ್ಳಬಹುದು.

ಪಿಯುಸಿ ಫಲಿತಾಂಶ ಬಂದೊಡನೆ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ಯಾವ ಬ್ರಾಂಚ್? ಉತ್ತರವೂ ಬಹುಮಟ್ಟಿಗೆ ಒಂದೇ, ಕಂಪ್ಯೂಟರ್ ಸೈನ್ಸ್. ಆ ಓದಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬ್ರಾಂಚಿನ ಹೆಸರು ಹಿಡಿದು ಬದುಕನ್ನು ಆರಿಸುವುದಕ್ಕಿಂತ, ಯಾವ ಸಮಸ್ಯೆಯ ಜೊತೆ ಮೂವತ್ತು ವರ್ಷ ಏಗಬಲ್ಲೆ ಎಂದು ಕೇಳಿಕೊಳ್ಳುವುದು ಮೇಲು. ಶಿರೂರಿನಿಂದ ಕುಂದಾಪುರದವರೆಗಿನ ನಲವತ್ತು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಅಂಥ ಸಮಸ್ಯೆಗಳಿಗೆ ಬರವಿಲ್ಲ.

ಒತ್ತಿನೆಣೆಯನ್ನೇ ನೋಡಿ. ಶಿರೂರಿನಿಂದ ಬೈಂದೂರಿಗೆ ಬರುವಾಗ ಸಿಗುವ ಈ ಗುಡ್ಡವನ್ನು ಚತುಷ್ಪಥಕ್ಕಾಗಿ ಕಡಿದ ಮೇಲೆ ಮಳೆಗಾಲದಲ್ಲಿ ಧರೆ ಕುಸಿದು ಹೆದ್ದಾರಿಗೆ ಕೆಸರು ಇಳಿದದ್ದುಂಟು. ಮೇಲುಗಡೆ ಮುರಕಲ್ಲಿನ ಗಟ್ಟಿ ಪದರ, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು: ಕರಾವಳಿಯ ಗುಡ್ಡಗಳ ಒಡಲು ಸಾಮಾನ್ಯವಾಗಿ ಹೀಗೇ ಇರುತ್ತದೆ. ಬಾವಿ ತೋಡುವವರಿಗೆ ಶೇಡಿಯ ಗುಣ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಪಿಕಾಸಿಗೂ ಜಗ್ಗದೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿಯಿತೆಂದರೆ ಕೈಯಲ್ಲೇ ಕಲಸಿಹೋಗುತ್ತದೆ. ಗುಡ್ಡ ಕಡಿಯುವುದೆಂದರೆ ಮುರಕಲ್ಲಿನ ಟೊಪ್ಪಿ ತೆಗೆದು ಶೇಡಿಯನ್ನು ಮಳೆಗೆ ಒಡ್ಡುವುದು. ಅದೂ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ.

ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುವುದರಿಂದ ಇಳಿಜಾರು ನಿಲ್ಲುತ್ತದೆ. ಕಣಗಳ ಸಂದಿನಲ್ಲಿ ನೀರು ತುಂಬಿ ಒತ್ತಡ ಏರಿದಾಗ, ಆ ನೀರು ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಹಿಡಿತ ಸಡಿಲುತ್ತದೆ. ಈ ತತ್ವವನ್ನು ಗಣಿತದಲ್ಲಿ ಹಿಡಿದಿಟ್ಟವರು ಆಸ್ಟ್ರಿಯಾದ ಕಾರ್ಲ್ ಟೆರ್ಜಾಗಿ. 1925ರಲ್ಲಿ ಬಂದ ಅವರ ಗ್ರಂಥದಿಂದಲೇ ಮಣ್ಣಿನ ಎಂಜಿನಿಯರಿಂಗ್ ಒಂದು ಶಾಸ್ತ್ರವಾಗಿ ಬೆಳೆಯಿತು. ಹೀಗಾಗಿ ಕಡಿದ ಗುಡ್ಡಕ್ಕೆ ಬರೀ ಸಿಮೆಂಟು ಮೆತ್ತಿದರೆ ಸಾಲದು, ಒಳಗಿನ ನೀರಿಗೆ ಹೊರದಾರಿ ಬೇಕು. ನೆತ್ತಿಯ ಮೇಲೆ ನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ, ಇಳಿಜಾರಿನೊಳಗೆ ಚುಚ್ಚಿದ ತೂತು ಕೊಳವೆಗಳು, ಮಣ್ಣಿಗೆ ಹೊಡೆದ ಉದ್ದನೆಯ ಉಕ್ಕಿನ ಸರಳುಗಳು, ಆಳಕ್ಕೆ ಬೇರಿಳಿಸುವ ಲಾವಂಚ: ಇವೆಲ್ಲ ಆ ಶಾಸ್ತ್ರದ ಮದ್ದುಗಳು. ಶೇಡಿ ಮಣ್ಣಿನ ಬಗ್ಗೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಕಷ್ಟು ಸಂಶೋಧನೆ ನಡೆದಿದೆ. 1960ರಲ್ಲಿ ಕೆಆರ್‌ಇಸಿಯಾಗಿ ಹುಟ್ಟಿದ ಕಾಲೇಜದು. ಗುಡ್ಡ ಕುಸಿತ ಎಂದೊಡನೆ ಇನ್ನೊಂದು ಶಿರೂರೂ ನೆನಪಾಗುತ್ತದೆ: 2024ರ ಜುಲೈ 16ರಂದು ಗುಡ್ಡ ಕುಸಿದು ಜನ ಸತ್ತದ್ದು ಇಲ್ಲಲ್ಲ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ. ಹೆಸರು ಒಂದೇ, ರಾಷ್ಟ್ರೀಯ ಹೆದ್ದಾರಿಯೂ ಅದೇ 66. ಗುಡ್ಡ ಕಡಿಯುವ ಮೊದಲೇ ಮಣ್ಣು ಓದಬಲ್ಲ ಎಂಜಿನಿಯರ್ ಮತ್ತು ಭೂವಿಜ್ಞಾನಿಯ ಮಾತು ನಡೆಯಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹೆದ್ದಾರಿಯ ಒಳಬದಿಯಲ್ಲಿ ಕೊಂಕಣ ರೈಲು. ಶಿರೂರಿಗೂ ಒಂದು ಪುಟ್ಟ ನಿಲ್ದಾಣವಿದೆ. ಇ. ಶ್ರೀಧರನ್ ಮುಂದಾಳತ್ವದಲ್ಲಿ ನಿಗಮ 1990ರಲ್ಲಿ ಆರಂಭವಾಗಿ, 1998ರ ಜನವರಿಯಲ್ಲಿ ರೋಹಾದಿಂದ ಮಂಗಳೂರು ಸಮೀಪದ ತೋಕೂರುವರೆಗೆ ರೈಲು ಓಡಿತು. ಸುರಂಗ, ಸೇತುವೆಗಳ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕಟ್ಟಿದ ನಂತರದ ಕೆಲಸ. ಮಳೆಗಾಲಕ್ಕೆ ಇಲ್ಲಿ ಬೇರೆಯೇ ವೇಳಾಪಟ್ಟಿ, ವೇಗ ಕಡಿಮೆ, ಹಗಲಿರುಳು ಹಳಿಯ ಮೇಲೆ ಗಸ್ತು. ಸೇತುವೆಗಳಲ್ಲಿ ನೆರೆಯ ಎಚ್ಚರಿಕೆ ಕೊಡುವ ಸಾಧನ, ಗಾಳಿ ಅಳೆಯುವ ಯಂತ್ರ, ಬಂಡೆ ಉರುಳದಂತೆ ಹೊದಿಸಿದ ಉಕ್ಕಿನ ಬಲೆ. 2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣಗೊಂಡ ಮೇಲೆ ಎಲೆಕ್ಟ್ರಿಕಲ್‌ನವರ ಕೆಲಸವೂ ಹೆಚ್ಚಿತು. ನಿರ್ವಹಣೆ ಎಂದರೆ ಎರಡನೇ ದರ್ಜೆಯ ಕೆಲಸ ಎಂಬ ಭಾವನೆ ಓದುವ ಮಕ್ಕಳಲ್ಲಿದೆ. ಅದು ತಪ್ಪು. ಕಟ್ಟುವುದು ಹತ್ತು ವರ್ಷದ ಕೆಲಸ, ಕಾಯುವುದು ನೂರು ವರ್ಷದ್ದು.

ಕಡಲ ಬದಿಗೆ ಬಂದರೆ ಉಪ್ಪಿನ ಕಾಟ. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣವನ್ನು ತಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಕಡಲ ನೀರಿನ ಸಿಂಪರಣೆ ತಾಗುವ ಕಡೆ ಸರಳಿನ ಮೇಲೆ ಕನಿಷ್ಠ 50 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕೆಂದು ನಮ್ಮ ಐಎಸ್ 456 ಸಂಹಿತೆ ಹೇಳುತ್ತದೆ. ಇದು ಮೆಟಲರ್ಜಿ, ಕೆಮಿಕಲ್ ಓದಿದವರಿಗೂ ಸೇರಿದ ವಿಷಯ. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ ನದಿ, ಇನ್ನೊಂದು ಬದಿ ಕಡಲು; ನಡುವಿನ ಹೆದ್ದಾರಿಯನ್ನು ಕಡಲ್ಕೊರೆತದಿಂದ ಉಳಿಸಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಕಡಲೊಳಕ್ಕೆ ಚಾಚಿದ ಕಲ್ಲಿನ ಗೋಡೆಗಳನ್ನು ಕಟ್ಟಿದ್ದಾರೆ. ಓರೆಯಾಗಿ ಬರುವ ಅಲೆ ದಡದುದ್ದಕ್ಕೂ ಹೊಯ್ಗೆಯನ್ನು ಸಾಗಿಸುತ್ತದೆ. ಗೋಡೆ ಅದನ್ನು ತಡೆದು ನಿಲ್ಲಿಸುತ್ತದೆ. ಆದರೆ ಇಲ್ಲಿ ನಿಂತ ಹೊಯ್ಗೆ ಮುಂದಿನ ಊರಿಗೆ ಸಿಗುವುದಿಲ್ಲ. ಆ ಮುಂದಿನ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲವರೇ ಒಳ್ಳೆಯ ಸಾಗರ ಎಂಜಿನಿಯರ್‌ಗಳು.

ದೋಣಿಯವರ ಮೊಬೈಲಿಗೆ ಬರುವ ಮೀನಿನ ಮುನ್ಸೂಚನೆಯೂ ಎಂಜಿನಿಯರಿಂಗೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹಗಳಿಂದ ಕಡಲ ಮೇಲ್ಮೈಯ ಉಷ್ಣತೆ ಮತ್ತು ಹಸಿರು ಪಾಚಿಯ ಪ್ರಮಾಣವನ್ನು ಓದಿ, ಮೀನು ಸೇರಬಹುದಾದ ಜಾಗಗಳನ್ನು ತಿಳಿಸುತ್ತದೆ. ಕಂಪ್ಯೂಟರ್ ಸೈನ್ಸ್ ಓದಿದವರು ಬೆಂಗಳೂರಿನ ಬ್ಯಾಂಕ್ ಸಾಫ್ಟ್‌ವೇರಿನಾಚೆಗೂ ಯೋಚಿಸಲಿ ಎಂದೇ ಇದನ್ನು ಹೇಳುತ್ತಿದ್ದೇನೆ.

ಕಡಲ ಬದಿ ಬಿಟ್ಟು ಒಳನಾಡಿಗೆ ತಿರುಗಿದರೆ, ಘಟ್ಟದ ಬುಡದ ಹೊಸಂಗಡಿಯಲ್ಲಿ ವಾರಾಹಿ ನದಿಯ ಭೂಗರ್ಭ ವಿದ್ಯುದಾಗಾರವಿದೆ. 115 ಮೆಗಾವಾಟ್‌ನ ನಾಲ್ಕು ಘಟಕ, ಒಟ್ಟು 460 ಮೆಗಾವಾಟ್. ಸುಮಾರು 450 ಮೀಟರ್ ಎತ್ತರದಿಂದ ಇಳಿದ ನೀರು ನಾಜಲ್ಲಿನಿಂದ ಚಿಮ್ಮುವಾಗ ಅದರ ವೇಗ ಗಂಟೆಗೆ 300 ಕಿ.ಮೀ. ಮೀರುತ್ತದೆ. ಪೆಲ್ಟನ್ ಚಕ್ರದ ಬಟ್ಟಲುಗಳು ಆ ಹೊಡೆತವನ್ನು ವರ್ಷಗಟ್ಟಲೆ ತಿನ್ನಬೇಕು. ಬಟ್ಟಲಿನ ಆಕಾರ ಮೆಕ್ಯಾನಿಕಲ್, ಅದರ ಉಕ್ಕು ಮೆಟಲರ್ಜಿ, ಗುಹೆ ಸಿವಿಲ್, ಜನರೇಟರ್ ಎಲೆಕ್ಟ್ರಿಕಲ್. ಕಾಲೇಜಿನಲ್ಲಿ ಬೇರೆ ಬೇರೆ ಕಟ್ಟಡಗಳಲ್ಲಿ ಕೂತ ವಿಭಾಗಗಳು ಇಲ್ಲಿ ಒಂದೇ ಸೂರಿನಡಿ ಇವೆ.

ಇಷ್ಟು ಕೆಲಸಕ್ಕೆ ಬಿ.ಇ. ಒಂದೇ ಬಾಗಿಲು ಎಂದೂ ತಿಳಿಯಬೇಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ ಡಿಪ್ಲೊಮಾ ಮಾಡಿದವರು ರೈಲ್ವೆ, ಲೋಕೋಪಯೋಗಿ, ವಿದ್ಯುತ್ ನಿಗಮಗಳಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ ಪರೀಕ್ಷೆ ಬರೆಯಬಹುದು. ಓದು ಮುಂದುವರಿಸುವ ಆಸೆ ಇದ್ದರೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು. ಬಿ.ಇ. ಆದ ಮೇಲೆ ಗೇಟ್ ಪರೀಕ್ಷೆಯಿಂದ ಮಣ್ಣು, ಸಾರಿಗೆ, ಸಾಗರದಂಥ ವಿಶೇಷ ಓದಿಗೆ ಹೋಗಬಹುದು. ಐಟಿಐ ಮುಗಿಸಿ ಡಿಪ್ಲೊಮಾಕ್ಕೆ ಬಂದು ಸೈಟ್ ಎಂಜಿನಿಯರ್ ಆಗಲೂ ದಾರಿಯಿದೆ. ಯಂತ್ರ, ಮಣ್ಣು ಮುಟ್ಟಿ ಕಲಿತ ಕೈಗೆ ಸೈಟಿನಲ್ಲಿ ಬೆಲೆ ಹೆಚ್ಚು.

ಸಿಇಟಿಯ ಆಪ್ಷನ್ ಎಂಟ್ರಿ ತುಂಬುವ ಮೊದಲು ಮಕ್ಕಳನ್ನು ಒಮ್ಮೆ ಈ ದಾರಿಯಲ್ಲಿ ಕರೆದುಕೊಂಡು ಹೋಗಿ. ಒತ್ತಿನೆಣೆಯ ಧರೆ, ಮರವಂತೆಯ ಕಲ್ಲುಗೋಡೆ ನೋಡಲು ಯಾರ ಅನುಮತಿಯೂ ಬೇಡ. ಅಲ್ಲಿ ಕೆಲಸ ಮಾಡುವವರು ಸಿಕ್ಕರೆ, ಮಳೆಗಾಲದಲ್ಲಿ ನಿಮ್ಮ ದಿನ ಹೇಗಿರುತ್ತದೆ ಎಂದು ಮಕ್ಕಳೇ ಕೇಳಲಿ. ಯಾವ ಉತ್ತರ ಕೇಳಿ ಅವರಿಗೆ ಇನ್ನೂ ನಾಲ್ಕು ಪ್ರಶ್ನೆ ಹುಟ್ಟುತ್ತವೋ, ಆ ಬ್ರಾಂಚನ್ನೇ ಮೊದಲ ಆಯ್ಕೆಯಾಗಿ ತುಂಬಿಸಿ.