ವುಝೂ ಕಲಿಸಿದ್ದೇವೆ, ‘ಬೇಡ’ ಅನ್ನಲು ಕಲಿಸಿದ್ದೇವಾ?

ಬೆಳಗ್ಗೆ ಮದ್ರಸ, ಆಮೇಲೆ ಶಾಲೆ. ಕರಾವಳಿಯ ಬ್ಯಾರಿ ಮಕ್ಕಳ ದಿನ ಶುರುವಾಗುವುದೇ ಹೀಗೆ. ವುಝೂವಿನಲ್ಲಿ ಯಾವುದನ್ನು ಮೊದಲು ತೊಳೆಯಬೇಕು, ನಜಸ್ ತಾಗಿದ ಬಟ್ಟೆಯನ್ನು ಏನು ಮಾಡಬೇಕು ಅಂತ ಏಳು ವರ್ಷದ ಮಗುವನ್ನು ಕೇಳಿ ನೋಡಿ, ಪಟಪಟನೆ ಹೇಳುತ್ತದೆ. ಊಟಕ್ಕೆ ಮುಂಚೆ ಸಾಬೂನು ಹಾಕಿ ಕೈ ತೊಳೆಯುವುದು, ಉಗುರು ಕತ್ತರಿಸುವುದು ಶಾಲೆಯಲ್ಲಿ ಕಲಿತಾಗಿದೆ. ಶುಚಿತ್ವದ ಪಾಠ ನಮ್ಮ ಮಕ್ಕಳಿಗೆ ಎರಡು ಕಡೆಯಿಂದ ಸಿಗುತ್ತದೆ. ಆದರೆ ಅದೇ ಮಗುವಿನ ಹತ್ತಿರ, ‘ಬಟ್ಟೆ ಮುಚ್ಚುವ ಜಾಗವನ್ನು ಯಾರಾದ್ರೂ ಮುಟ್ಟಿದ್ರೆ ಏನು ಮಾಡ್ತೀ?’ ಅಂತ ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗೆ ಉಂಟು?

‘ಇದೆಲ್ಲ ಪರದೇಶದವರ ಪಾಠ, ಸಣ್ಣ ಮಕ್ಕಳ ತಲೆ ಯಾಕೆ ಕೆಡಿಸುವುದು?’ ಎಂಬ ಮಾತು ಕೂಡಲೇ ಬರುತ್ತದೆ. ಹಾಗೆ ಹೇಳುವವರು ಸೂರಃ ಅನ್ನೂರ್‌ನ 58ನೆಯ ಆಯತನ್ನು ಒಮ್ಮೆ ಓದಬೇಕು. ಸುಬುಹಿಗೆ ಮುಂಚೆ, ಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಮಿಸುವಾಗ, ಇಶಾದ ನಂತರ, ಈ ಮೂರು ಹೊತ್ತಿನಲ್ಲಿ ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳು ಸಹ ಅನುಮತಿ ಕೇಳಿಯೇ ಕೋಣೆಯೊಳಗೆ ಬರಬೇಕು ಎಂಬ ಆದೇಶ ಅಲ್ಲಿದೆ. ಖಾಸಗಿತನ ಅಂದರೆ ಏನು ಎಂದು ಸಣ್ಣ ಮಕ್ಕಳಿಗೇ ಕಲಿಸಿ ಎಂದಲ್ಲದೆ ಇದಕ್ಕೆ ಬೇರೆ ಏನು ಅರ್ಥ? ಹತ್ತು ವರ್ಷವಾದಾಗ ಮಕ್ಕಳ ಹಾಸಿಗೆ ಬೇರೆ ಮಾಡಿ ಎಂಬ ಹದೀಸ್ ನಮಗೆಲ್ಲ ಬಾಯಿಪಾಠ. ಆದರೆ ಮದುವೆ ಮನೆಯಲ್ಲಿ ಹಾಲ್‌ನಲ್ಲಿ ಚಾಪೆ ಹಾಸಿ, ಮಕ್ಕಳು, ನೆಂಟರ ಯುವಕರು, ಗುರುತು ಪರಿಚಯ ಇಲ್ಲದವರು ಸಾಲಾಗಿ ಮಲಗುವಾಗ ಆ ಹದೀಸ್ ಯಾರಿಗೂ ನೆನಪಾಗುವುದಿಲ್ಲ.

ನಮಗೆ ಕಾಣುವಂತೆ ನಿಜವಾದ ತೊಡಕು ದೀನ್‌ನಲ್ಲಿ ಇಲ್ಲ, ನಾವು ಅದಬು ಎಂದು ಕರೆಯುವುದರಲ್ಲಿ ಇದೆ. ‘ಮಾಮನ ಮಡಿಲಲ್ಲಿ ಕೂತ್ಕೋ, ಒಂದು ಮುತ್ತು ಕೊಡು, ದೊಡ್ಡವರು ಕರೆದ್ರೆ ಹೋಗಬೇಕು’ ಅಂತ ಒತ್ತಾಯ ಮಾಡುವುದು ನಾವೇ. ಮಗು ಹಿಂದೆ ಸರಿದರೆ ‘ಮಗುವಿಗೆ ಮರ್ಯಾದೆ ಕಲಿಸಿಲ್ಲ’ ಅಂತ ಉಮ್ಮನಿಗೆ ಬೈಗುಳ. ಉಪ್ಪ ಗಲ್ಫಿನಲ್ಲಿರುವ ಮನೆಗಳಲ್ಲಂತೂ ನೆಂಟರ ಮಾತು ಮೀರುವುದು ಅವಳಿಗೆ ಇನ್ನೂ ಕಷ್ಟ. ಸಲಾಂ ಹೇಳಲು ಮಡಿಲಲ್ಲಿ ಕೂರಬೇಕಾಗಿಲ್ಲ, ದೂರದಿಂದಲೂ ಹೇಳಬಹುದು.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದೇವೆ ಎಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರೇ. ಹೆಣ್ಣುಮಕ್ಕಳನ್ನು ಮಾತ್ರ ಜೋಪಾನ ಮಾಡಿ, ಹುಡುಗನನ್ನು ‘ಗಂಡಲ್ವಾ, ಏನಾಗ್ತದೆ’ ಅಂತ ಯಾರ ಜೊತೆಗಾದರೂ ಕಳಿಸಿಬಿಡುವವರು ಇದನ್ನು ಗಮನಿಸಬೇಕು.

ಹೆಣ್ಣುಮಕ್ಕಳ ಮತ್ತೊಂದು ವಿಷಯ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಕಾರ ಹೈಳ್ ಆಗಬಹುದಾದ ಕನಿಷ್ಠ ಪ್ರಾಯ ಚಾಂದ್ರಮಾನದ ಒಂಬತ್ತು ವರ್ಷ. ನಮ್ಮ ಕ್ಯಾಲೆಂಡರಿನಲ್ಲಿ ಅದು ಎಂಟು ವರ್ಷ ಒಂಬತ್ತು ತಿಂಗಳ ಆಸುಪಾಸು, ಅಂದರೆ ಮೂರನೆಯ ಅಥವಾ ನಾಲ್ಕನೆಯ ಕ್ಲಾಸು! ಶತಮಾನಗಳ ಹಿಂದೆಯೇ ಫಿಕ್‌ಹ್‌ನ ಉಲಮಾಗಳು ನಾಚಿಕೆ ಪಡದೆ ಬರೆದಿಟ್ಟದ್ದನ್ನು ಇವತ್ತು ಬಾಯಿಬಿಟ್ಟು ಹೇಳಲು ನಮಗೆ ಮುಜುಗರ. ನಮಾಝ್ ಇಲ್ಲ, ಉಪವಾಸ ಇಲ್ಲ ಎಂಬ ವಿಧಿ ಮಗುವಿಗೆ ಗೊತ್ತಾಗುತ್ತದೆ. ರಕ್ತ ಎಲ್ಲಿಂದ ಬಂತು, ಪ್ಯಾಡ್ ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು, ಇದು ಕಾಯಿಲೆ ಅಲ್ಲ ಎಂಬುದನ್ನು ಹೇಳುವವರು ಯಾರು? ಉಸ್ತಾದರಿಗೆ ಇದನ್ನು ಹುಡುಗಿಯರ ಮುಂದೆ ವಿವರಿಸಲು ಸಂಕೋಚವಾಗುವುದು ಸಹಜ. ಶರೀಅತ್ ಕಲಿತು ಮನೆಯಲ್ಲಿರುವ ಹೆಣ್ಣುಮಕ್ಕಳನ್ನು, ಊರಿನ ಆಶಾ ಕಾರ್ಯಕರ್ತೆಯನ್ನು ತಿಂಗಳಿಗೊಮ್ಮೆ ಕರೆಸಲು ಏನು ಅಡ್ಡಿ?

ಸರಕಾರ ಎಲ್ಲ ಮಾಡುತ್ತದೆ ಎಂದು ಕೂತರೆ ಆಗದು. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಆರೋಗ್ಯ, ಭಾವನೆ, ಸುರಕ್ಷತೆ ಸೇರಿ ಹನ್ನೊಂದು ವಿಷಯಗಳಿವೆ, ಒಳ್ಳೆಯದೇ. ಆದರೆ ಅದು ರೂಪುಗೊಂಡದ್ದು ಹಿರಿಯ ಪ್ರಾಥಮಿಕ ಮತ್ತು ಅದರ ಮೇಲಿನ ತರಗತಿಗಳಿಗೆ. ಸಣ್ಣ ಮಕ್ಕಳು ಅಷ್ಟರವರೆಗೆ ಕಾಯಬೇಕಾ?

ಇನ್ನು ಜಮಾಅತ್ ಕಮಿಟಿಗಳಿಗೆ ಒಂದು ಮಾತು, ಸ್ವಲ್ಪ ಖಾರವಾದರೂ ಹೇಳಲೇಬೇಕು. ಇಂಥ ಸಂಗತಿ ಹೊರಬಿದ್ದಾಗ ‘ಮಾನ ಹೋಗ್ತದೆ, ನಾವೇ ಕೂತು ಮುಗಿಸುವ’ ಎನ್ನುವ ಕ್ರಮಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವನ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥನೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ರಾಜಿ ಮಾಡಿಸಿದವರು ಉಳಿಸುವುದು ಮಗುವಿನ ಮಾನವನ್ನಲ್ಲ, ಮುಟ್ಟಿದವನ ಮಾನವನ್ನು.

ಶವ್ವಾಲ್‌ನಲ್ಲಿ ಮದ್ರಸ ತೆರೆಯುವಾಗ ಪೋಷಕರನ್ನು ಸೇರಿಸುವುದು ಹೇಗೂ ಉಂಟಲ್ವಾ? ಫೀಸು, ಯೂನಿಫಾರ್ಮ್‌ನ ಮಾತು ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಲಿ. ಶಾಲೆಯ ಟೀಚರನ್ನೂ ಕರೆಯಲಿ, ಉಪ್ಪಂದಿರೂ ಬರಲಿ. ಮಗು ಏನಾದರೂ ಹೇಳಿಕೊಂಡರೆ ಮೊದಲು ನಂಬಬೇಕು, ಬೈಯಬಾರದು, ‘ಯಾರಿಗೂ ಹೇಳ್ಬೇಡ’ ಅನ್ನಬಾರದು ಎಂಬಷ್ಟನ್ನಾದರೂ ಅಲ್ಲಿ ತಿಳಿಸಲಿ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಉಚಿತ. ಈ ನಂಬರನ್ನು ಮದ್ರಸದ ಗೋಡೆಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ದೊಡ್ಡದಾಗಿ ಬರೆಸಬೇಕು, ಆಫೀಸಿನೊಳಗಿನ ನೋಟಿಸ್ ಬೋರ್ಡಿನಲ್ಲಿ ಅಲ್ಲ.