ತೋಟದ ಕೂಲಿಯ ಮನೆಯಿಂದ ವಿದೇಶದ ಎಂ.ಎಸ್ಸಿ.ಗೆ

ಬೇರೆಯವರ ತೋಟದಲ್ಲಿ ಕಾಯಿ ಕಿತ್ತು, ಮಟ್ಟೆ ಸುಲಿದು ಬದುಕುವ ಮನೆಗಳು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಸಿಗುತ್ತವೆ. ಅಂಥ ಮನೆಯ ಮಕ್ಕಳು ಇಂಗ್ಲೆಂಡಿಗೋ ಜರ್ಮನಿಗೋ ಹೋಗಿ ಸ್ನಾತಕೋತ್ತರ ಪದವಿ ಓದಲು ಕೇಂದ್ರ ಸರ್ಕಾರವೇ ಹಣ ಕೊಡುತ್ತದೆ. 1954–55ರಿಂದ ಇರುವ ಯೋಜನೆ, ಹೆಸರು ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ತಿಪಟೂರಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಈಗ ಸಂಜೆ ಹೊತ್ತು ಮಕ್ಕಳ ಅರ್ಜಿ ತಿದ್ದುತ್ತೇನೆ. ಈ ಹೆಸರು ಮೊದಲೇ ಕೇಳಿದ್ದವರು ಅವರಲ್ಲಿ ತೀರಾ ಕಡಿಮೆ.

ಮಗಳ ಜೊತೆ ಬಂದಿದ್ದ ತಾಯಿಯೊಬ್ಬರು ಎಲ್ಲ ಕೇಳಿಸಿಕೊಂಡು, "ಬಡ್ಡಿ ಎಷ್ಟು ಬೀಳುತ್ತೆ ಮೇಷ್ಟ್ರೇ?" ಎಂದರು.

"ಇದು ಸಾಲ ಅಲ್ಲ ಕಣಮ್ಮ" ಎಂದೆ. ಬೋಧನಾ ಶುಲ್ಕ, ವಿಮಾನದ ಟಿಕೆಟ್, ವೀಸಾ, ಆರೋಗ್ಯ ವಿಮೆ ಎಲ್ಲವೂ ಸರ್ಕಾರದ್ದು. ಊಟ ವಸತಿಗೆ ವರ್ಷಕ್ಕೆ ಬ್ರಿಟನ್ನಿನಲ್ಲಾದರೆ 9,900 ಪೌಂಡ್, ಅಮೆರಿಕದಲ್ಲಾದರೆ 15,400 ಡಾಲರ್.

ಮನೆಯ ವಾರ್ಷಿಕ ಆದಾಯ 8 ಲಕ್ಷ ದಾಟಬಾರದು, ವಯಸ್ಸು 35 ಮೀರಿರಬಾರದು, ಪದವಿಯಲ್ಲಿ ಶೇ 60 ಅಂಕ ಬೇಕು. ವರ್ಷಕ್ಕೆ ದೇಶಕ್ಕೆಲ್ಲ ಸೇರಿ 125 ಸ್ಥಾನ. ಪರಿಶಿಷ್ಟ ಜಾತಿಗೆ 115, ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟುಗಳಿಗೆ 6. ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು ಇಬ್ಬರಿಗೂ ಸೇರಿ 4. ಇಡೀ ಭಾರತದ ಕೂಲಿಕಾರರ ಮಕ್ಕಳಿಗೆ ನಾಲ್ಕೇ! ಇದು ಅನ್ಯಾಯ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಇನ್ನೊಂದು ದಾರಿ. ಅಲ್ಲಿ ಮನೆಯ ಆದಾಯ ಏರಿದಂತೆ ನೆರವಿನ ಪಾಲು ಇಳಿಯುತ್ತದೆ.

ಆದರೆ ನಮ್ಮ ಮಕ್ಕಳಲ್ಲಿ ಬಹಳ ಜನ ಆಯ್ಕೆಯ ಹಂತದವರೆಗೆ ಹೋಗುವುದೇ ಇಲ್ಲ. ಕೇಂದ್ರದ ಯೋಜನೆಗೆ ಅರ್ಜಿ ಹಾಕುವಾಗಲೇ ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಶ್ರೇಯಾಂಕ ಕೊಡುವ ಕ್ಯುಎಸ್ ಪಟ್ಟಿಯ ಮೊದಲ 500ರೊಳಗಿನ ವಿಶ್ವವಿದ್ಯಾಲಯವೊಂದು ಷರತ್ತಿಲ್ಲದೆ ಸೀಟು ಕೊಟ್ಟ ಪತ್ರ ಕೈಯಲ್ಲಿರಬೇಕು. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಬೇಕು. ಈ ಪತ್ರ ಬರುವುದಕ್ಕೂ ಅಷ್ಟು ಕಾಲ ಹಿಡಿಯುತ್ತದೆ. ಪದವಿ ಮುಗಿದ ಮೇಲೆ ಎದ್ದರೆ ಆಗದು. ಎರಡನೇ ವರ್ಷದಲ್ಲೇ 1,500 ರೂಪಾಯಿ ಕಟ್ಟಿ ಪಾಸ್‌ಪೋರ್ಟ್ ಮಾಡಿಸಿ. ಅದಕ್ಕೂ ಮುಂಚೆ ಹತ್ತನೇ ತರಗತಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರು ಒಂದೇ ಥರ ಇದೆಯೇ ನೋಡಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದುದಕ್ಕೇ ತಿಂಗಳುಗಟ್ಟಲೆ ಅಲೆದ ಹುಡುಗನನ್ನು ಕಂಡಿದ್ದೇನೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ತುಮಕೂರು ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ಇಬ್ಬರು ಮೇಷ್ಟರ ಶಿಫಾರಸು ಪತ್ರ ಆಮೇಲೆ. ಇಂಗ್ಲಿಷ್ ಭಾಷೆಯ ಐಇಎಲ್‌ಟಿಎಸ್ ಪರೀಕ್ಷೆಯ ಶುಲ್ಕ ಹದಿನೈದು ಸಾವಿರ ದಾಟುತ್ತದೆ, ಅಂಕ ನಡೆಯುವುದು ಎರಡು ವರ್ಷ ಮಾತ್ರ. ಈ ದುಡ್ಡನ್ನು ಕೂಲಿಯಲ್ಲಿ ಉಳಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಊರಿನ ಸಂಘಗಳು, ಹಳೆಯ ವಿದ್ಯಾರ್ಥಿಗಳು ಕೈಜೋಡಿಸಬೇಕಾದದ್ದು ಇಲ್ಲಿಯೇ.

ಇನ್ನೊಂದು ಅಡ್ಡಿಯ ಬಗ್ಗೆ ಹೇಳಲೇಬೇಕು. 2022ರ ಮಾರ್ಗಸೂಚಿಯ ಪ್ರಕಾರ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಇಲ್ಲಿನ ಸಮಾಜವನ್ನು ಕುರಿತ ಅಧ್ಯಯನಕ್ಕೆ ಈ ಹಣ ಸಿಗದು. ತೆಂಗಿನ ತೋಟಗಳಲ್ಲಿ ದುಡಿಯುವ ಹೆಂಗಸರ ಕೂಲಿ, ಆರೋಗ್ಯ ಕುರಿತು ಸಂಶೋಧನೆ ಮಾಡಬೇಕೆಂದು ಆಸೆಪಟ್ಟ ಹುಡುಗಿಗೆ ನಾನು ಇದನ್ನು ಓದಿ ಹೇಳಬೇಕಾಯಿತು. ಆ ದುಡಿಮೆಯ ಮನೆಯಲ್ಲೇ ಬೆಳೆದವಳಿಗೆ ಅದನ್ನು ಓದುವ ಹಕ್ಕಿಲ್ಲವೇ? ಈ ನಿಯಮ ಹೋಗಲೇಬೇಕು.

ಅಂಥವರಿಗೆ ನಾನು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ತೋರಿಸುತ್ತೇನೆ. ಅದರಲ್ಲಿ ಜಾತಿ, ಆದಾಯ ಕೇಳುವುದಿಲ್ಲ. ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಓದು, ತಿಂಗಳಿಗೆ 1,400 ಯೂರೊ, ಹೆಚ್ಚೆಂದರೆ 24 ತಿಂಗಳು. ಇಥಿಯೋಪಿಯಾ, ನೈಜೀರಿಯಾದ ಮಕ್ಕಳೂ ಇದೇ ಸಾಲಿನಲ್ಲಿ ನಿಂತಿರುತ್ತಾರೆ. ರೋಗ ಬಡಿದು ತೆಂಗು ಕಳೆದುಕೊಂಡ ಘಾನಾ, ಮೊಜಾಂಬಿಕ್ ಕರಾವಳಿಯ ಮಕ್ಕಳೂ ಇರಬಹುದು. ಹೆಚ್ಚಿನ ಕೋರ್ಸುಗಳಿಗೆ ಅರ್ಜಿ ಅಕ್ಟೋಬರಿನಿಂದ ಜನವರಿಯೊಳಗೆ ಹೋಗಬೇಕು. ಹಾಗಾಗಿ ಶಿಫಾರಸು ಪತ್ರ ಕೇಳಲು ನಿಮ್ಮ ಮೇಷ್ಟರ ಹತ್ತಿರ ದಸರಾ ರಜೆಗೆ ಮುಂಚೆಯೇ ಹೋಗಿ.