ಎರಡು ಹೃದಯ, ಒಂದೇ ಅಳತೆಗೋಲು

ಕಳೆದ ವರ್ಷ ನಾನೂ ನನ್ನ ಪತ್ನಿಯೂ ಒಟ್ಟಿಗೆ ಆರೋಗ್ಯ ತಪಾಸಣೆಗೆ ಹೋಗಿದ್ದೆವು. ಟ್ರೆಡ್‌ಮಿಲ್ ಪರೀಕ್ಷೆಗೆ ಮುನ್ನ ಅಲ್ಲಿನ ತಂತ್ರಜ್ಞರು ವಯಸ್ಸು ಕೇಳಿ, 220ರಿಂದ ಅದನ್ನು ಕಳೆದರು. 67ರ ನನಗೆ 153, 62ರ ಆಕೆಗೆ 158. ನಿಮಿಷಕ್ಕೆ ಹೃದಯ ಗರಿಷ್ಠ ಇಷ್ಟು ಬಾರಿ ಬಡಿಯಬಲ್ಲದು, ಅದರ ಶೇ 85ರಷ್ಟನ್ನಾದರೂ ಮುಟ್ಟಿದರೆ ಮಾತ್ರ ಪರೀಕ್ಷೆ ಸಮರ್ಪಕ ಎಂಬುದು ಲೆಕ್ಕ. ಅಂದರೆ ಆಕೆ 134 ತಲುಪಬೇಕಿತ್ತು. 130ಕ್ಕೆ ಸಾಕೆಂದು ನಿಲ್ಲಿಸಿದರು. ‘ನಿಗದಿತ ಬಡಿತ ತಲುಪಿಲ್ಲ’ ಎಂಬ ವರದಿ ಬಂತು; ಮನೆಯಲ್ಲಿ ಒಂದು ವಾರ ಯಾರಿಗೂ ನೆಮ್ಮದಿಯಿರಲಿಲ್ಲ.

ಅಂಕಿಅಂಶಗಳ ಮೂಲ ಕೆದಕುವುದು ಅರ್ಥಶಾಸ್ತ್ರ ಓದಿದವನ ಹಳೆಯ ಚಾಳಿ. ಈ 220ರ ಸೂತ್ರವನ್ನು ಸ್ಯಾಮ್ಯುಯೆಲ್ ಫಾಕ್ಸ್ ಮತ್ತು ಸಂಗಡಿಗರು 1971ರಲ್ಲಿ ಮುಂದಿಟ್ಟರು. ಅದಕ್ಕೆ ಆಧಾರವಾಗಿದ್ದುದು ಬಹುಮಟ್ಟಿಗೆ ಪುರುಷರನ್ನೇ ಕುರಿತ ಅಧ್ಯಯನಗಳು. 2010ರಲ್ಲಿ ಚಿಕಾಗೋದ ಹೃದ್ರೋಗ ತಜ್ಞೆ ಮಾರ್ಥಾ ಗುಲಾಟಿ ಮತ್ತು ಸಂಗಡಿಗರು 5,437 ಮಹಿಳೆಯರ ದತ್ತಾಂಶವನ್ನು ಪರಿಶೀಲಿಸಿ ಬೇರೆಯೇ ಸೂತ್ರ ಕೊಟ್ಟರು: 206ರಿಂದ ವಯಸ್ಸಿನ ಶೇ 88 ಭಾಗವನ್ನು ಕಳೆಯಬೇಕು. ಇದರಂತೆ ನನ್ನ ಪತ್ನಿಯ ಗರಿಷ್ಠ ಬಡಿತ 151. ಅದರ ಶೇ 85 ಎಂದರೆ 129ಕ್ಕಿಂತ ಕಡಿಮೆ. ಆಕೆ ಪರೀಕ್ಷೆಯಲ್ಲಿ ಹಿಂದೆ ಬಿದ್ದಿರಲೇ ಇಲ್ಲ!

ಹೃದಯವೆಂದರೆ ಹೃದಯ, ಅದರಲ್ಲಿ ಹೆಣ್ಣು ಗಂಡೆಂಬ ಭೇದವೇಕೆ ಎಂದು ಕೇಳುವವರಿದ್ದಾರೆ. ಭೇದವಿದೆ. ವಯಸ್ಕ ಪುರುಷನ ಹೃದಯ ಸಾಮಾನ್ಯವಾಗಿ 300ರಿಂದ 350 ಗ್ರಾಂ ತೂಗಿದರೆ, ಮಹಿಳೆಯದು 250ರಿಂದ 300 ಗ್ರಾಂ. ದೇಹದ ಗಾತ್ರ ಇದಕ್ಕೆ ಒಂದು ಕಾರಣ ಮಾತ್ರ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಮಹಿಳೆಯ ಎಡ ಹೃತ್ಕುಕ್ಷಿ ಕೊಂಚ ಚಿಕ್ಕದೇ. ಒಂದೊಂದು ಬಡಿತಕ್ಕೆ ಹೊರಹೋಗುವ ರಕ್ತ ಕಡಿಮೆಯಾದುದರಿಂದ, ವಿಶ್ರಾಂತಿಯಲ್ಲಿ ಅದು ನಿಮಿಷಕ್ಕೆ ಕೆಲವು ಬಡಿತ ಹೆಚ್ಚು ಬಡಿದು ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಇದು ಸರಾಸರಿಯ ಮಾತು ಎಂಬುದನ್ನು ಮರೆಯಬಾರದು. ಕ್ರೀಡಾಪಟುವಾದ ಮಹಿಳೆಯ ಹೃದಯ ಕುರ್ಚಿಯಲ್ಲೇ ಕಾಲ ಕಳೆದ ನನ್ನಂಥವನದಕ್ಕಿಂತ ದೊಡ್ಡದಾಗಿದ್ದು, ನಿಧಾನವಾಗಿಯೂ ಬಡಿಯುತ್ತಿರಬಹುದು. ನಮ್ಮ ನಾಡಿವೈದ್ಯರು ಗಂಡಸಿನ ಬಲಗೈ, ಹೆಂಗಸಿನ ಎಡಗೈ ಹಿಡಿದು ನೋಡುತ್ತಿದ್ದರು. ಅದರ ಹಿಂದಿನ ತರ್ಕ ಏನೇ ಇರಲಿ, ಇಬ್ಬರನ್ನೂ ಬೇರೆಯಾಗಿಯೇ ನೋಡಬೇಕೆಂಬ ಎಚ್ಚರವಂತೂ ಅವರಿಗಿತ್ತು.

ಟ್ರೆಡ್‌ಮಿಲ್‌ನಲ್ಲಿ ಆದ ತಪ್ಪಿನಿಂದ ಹೆಚ್ಚೆಂದರೆ ನಿದ್ದೆ ಕೆಡುತ್ತದೆ, ಹಣ ಖರ್ಚಾಗುತ್ತದೆ. ತುರ್ತು ಚಿಕಿತ್ಸಾ ಘಟಕದಲ್ಲಿ ಇದೇ ತಪ್ಪು ತಿರುವುಮುರುವಾಗಿ ಎದುರಾಗುತ್ತದೆ. ಹೃದಯಾಘಾತವಾದಾಗ ಘಾಸಿಗೊಂಡ ಸ್ನಾಯುವಿನಿಂದ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಅದರ ಪ್ರಮಾಣ ನೋಡಿ ವೈದ್ಯರು ರೋಗವನ್ನು ನಿರ್ಧರಿಸುತ್ತಾರೆ. ಆರೋಗ್ಯವಂತ ಮಹಿಳೆಯರ ರಕ್ತದಲ್ಲಿ ಇದರ ಮಟ್ಟ ಪುರುಷರಿಗಿಂತ ಕಡಿಮೆ. ಹೃದಯಸ್ನಾಯುವಿನ ಗಾತ್ರ ಕಡಿಮೆಯಿರುವುದು ಅದಕ್ಕೊಂದು ಕಾರಣ. ವ್ಯಾಪಕವಾಗಿ ಬಳಕೆಯಲ್ಲಿರುವ ಒಂದು ಅತಿಸೂಕ್ಷ್ಮ ಪರೀಕ್ಷೆಯಲ್ಲಿ ಪುರುಷರ ಮಿತಿ ಲೀಟರಿಗೆ 34 ನ್ಯಾನೋಗ್ರಾಂ ಆದರೆ, ಮಹಿಳೆಯರದು ಕೇವಲ 16.

ಎಡಿನ್‌ಬರೋದ ತಜ್ಞರು ಹೃದಯಾಘಾತದ ಶಂಕೆಯ ಮೇಲೆ ಆಸ್ಪತ್ರೆಗೆ ಬಂದ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನವೊಂದನ್ನು 2015ರಲ್ಲಿ ಪ್ರಕಟಿಸಿದರು. ಹಳೆಯ ಪರೀಕ್ಷೆ, ಎಲ್ಲರಿಗೂ ಒಂದೇ ಮಿತಿ ಎಂಬ ಕ್ರಮದಲ್ಲಿ ಶೇ 11ರಷ್ಟು ಮಹಿಳೆಯರಿಗೆ ಹೃದಯಾಘಾತವೆಂದು ತಿಳಿದುಬಂದಿತ್ತು. ಸೂಕ್ಷ್ಮ ಪರೀಕ್ಷೆಯೊಡನೆ ಪ್ರತ್ಯೇಕ ಮಿತಿ ಬಳಸಿದಾಗ ಅದು ಶೇ 22ಕ್ಕೆ ಏರಿತು. ಪುರುಷರಲ್ಲಿ ಶೇ 19 ಇದ್ದುದು 21 ಆಯಿತು, ಅಷ್ಟೆ. ಹಳೆಯ ಗೆರೆಯ ಕೆಳಗೆ ಕಾಣದೆ ಉಳಿದವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ಆಡಳಿತದಲ್ಲಿದ್ದವರಿಗೆ ಇದು ಪರಿಚಿತ ಪೀಕಲಾಟ. ಬಡತನ ರೇಖೆಯ ಕೆಳಗಿನವರ ಪಟ್ಟಿ ಮಾಡುವಾಗ ನಮ್ಮನ್ನು ಕಾಡುತ್ತಿದ್ದುದು ಎರಡು ಬಗೆಯ ದೋಷಗಳು: ಅನರ್ಹರು ಸೇರಿಕೊಳ್ಳುವುದು, ಅರ್ಹರು ಹೊರಗುಳಿಯುವುದು. ಮೊದಲನೆಯದಕ್ಕೆ ಶಾಸನಸಭೆಯಲ್ಲಿ ಗದ್ದಲವಾಗುತ್ತದೆ. ಎರಡನೆಯದಕ್ಕೆ ದೂರು ಬರುವುದೇ ಅಪರೂಪ, ಏಕೆಂದರೆ ಹೊರಗುಳಿದವರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ಗೆರೆ ಎಳೆಯುವುದು ನಿಸರ್ಗವಲ್ಲ, ಮೇಜಿನ ಮುಂದೆ ಕುಳಿತ ಮನುಷ್ಯ. ಪೌಷ್ಟಿಕಾಂಶದ ಸಮೀಕ್ಷೆಗಳಲ್ಲಿ ಹಗುರ ಕೆಲಸದ ವಯಸ್ಕ ಪುರುಷನನ್ನು 1 ಘಟಕವೆಂದೂ, ಅಂಥದೇ ಕೆಲಸದ ಮಹಿಳೆಯನ್ನು 0.8 ಎಂದೂ ಎಣಿಸುವ ರೂಢಿ ಇದೆ. ಅನ್ನ ಅಳೆಯುವಾಗ ಇಷ್ಟು ಸಲೀಸಾಗಿ ನೆನಪಾದ ವ್ಯತ್ಯಾಸ, ಔಷಧಿಯ ವಿಷಯ ಬಂದಾಗ ಮರೆತುಹೋದದ್ದು ವಿಚಿತ್ರ. ಅಮೆರಿಕದಲ್ಲಿ ಗರ್ಭ ಧರಿಸಬಲ್ಲ ಮಹಿಳೆಯರನ್ನು 1977ರಿಂದ 1993ರವರೆಗೆ ಹೊಸ ಔಷಧಿಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಡಲಾಗಿತ್ತು. 1997ರಿಂದ 2001ರ ನಡುವೆ ಅಲ್ಲಿ ಹಿಂತೆಗೆದುಕೊಳ್ಳಲಾದ ಹತ್ತು ಔಷಧಿಗಳಲ್ಲಿ ಎಂಟು ಮಹಿಳೆಯರಿಗೇ ಹೆಚ್ಚು ಅಪಾಯಕಾರಿಯಾಗಿದ್ದವು ಎಂದು ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯೇ ವರದಿ ಮಾಡಿತು.

ಪ್ರತ್ಯೇಕ ಮಿತಿಯೆಂದರೆ ತಾರತಮ್ಯವಲ್ಲವೇ ಎಂಬ ಆಕ್ಷೇಪ ನನಗೆ ಒಪ್ಪಿಗೆಯಾಗದು. ಪತ್ನಿಯ ಅದೇ ವರದಿಯ ಮೊದಲ ಪುಟದಲ್ಲಿ ಹಿಮೋಗ್ಲೋಬಿನ್ ಎದುರಿಗೆ ಪುರುಷರಿಗೆ 13, ಮಹಿಳೆಯರಿಗೆ 12 ಎಂದು ಎರಡು ಸಾಲು ಮುದ್ರಿತವಾಗಿವೆ. ಅದನ್ನು ಯಾರೂ ಪ್ರಶ್ನಿಸಿಲ್ಲ. ಹೃದಯದ ಪುಟಕ್ಕೆ ಬಂದಾಗ ಮಾತ್ರ ಒಂದೇ ಸಾಲು.

ಆದರೆ ಎರಡನೆಯ ಸಾಲು ಮುದ್ರಿಸಿದೊಡನೆ ಎಲ್ಲ ಸರಿಹೋಗುವುದೂ ಇಲ್ಲ. ಅದೇ ಎಡಿನ್‌ಬರೋ ತಂಡ ಸ್ಕಾಟ್ಲೆಂಡಿನ ಸುಮಾರು 48 ಸಾವಿರ ರೋಗಿಗಳ ಅಧ್ಯಯನವನ್ನು 2019ರಲ್ಲಿ ಪ್ರಕಟಿಸಿತು. ಪ್ರತ್ಯೇಕ ಮಿತಿಯಿಂದ ಹೆಚ್ಚುವರಿಯಾಗಿ ಪತ್ತೆಯಾದ ಮಹಿಳೆಯರ ಸಂಖ್ಯೆ ಪುರುಷರ ಐದು ಪಟ್ಟು. ಆದರೂ ಮಹಿಳೆಯರಿಗೆ ದೊರೆತ ಚಿಕಿತ್ಸೆ ಪುರುಷರಿಗೆ ದೊರೆತುದರ ಸರಿಸುಮಾರು ಅರ್ಧ, ಫಲಿತಾಂಶವೂ ಸುಧಾರಿಸಲಿಲ್ಲ. ಅಂಕಿ ಬದಲಾಯಿತು, ಅದನ್ನು ಓದುವ ಕಣ್ಣು ಬದಲಾಗಲಿಲ್ಲ.

ಆ ಕಣ್ಣಿನ ಪರಿಚಯ ನಮ್ಮ ಮನೆಗೂ ಇದೆ. ಹಲವು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಬೆನ್ನು, ದವಡೆಯಲ್ಲಿ ನೋವು, ವಿಪರೀತ ಸುಸ್ತು ಕಾಣಿಸಿಕೊಂಡಿತು. ಊರಿನ ಆಸ್ಪತ್ರೆಯೊಂದರಲ್ಲಿ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ಕೊಟ್ಟು ಕಳುಹಿಸಿದರು. ಎರಡು ದಿನ ಆಕೆ ಜೀರಿಗೆ ಕಷಾಯ ಕುಡಿಯುತ್ತ, ಮನೆಮಂದಿಗೆಲ್ಲ ಅಡುಗೆ ಮಾಡುತ್ತಲೇ ಕಳೆದರು. ಮೂರನೆಯ ದಿನ ಬೆಂಗಳೂರಿಗೆ ಕರೆತಂದು ಪರೀಕ್ಷಿಸಿದಾಗ, ಹೃದಯಸ್ನಾಯುವಿನ ಒಂದು ಭಾಗ ಆಗಲೇ ನಿರ್ಜೀವವಾಗಿತ್ತು. ಈಗಲೂ ನಮ್ಮ ಮನೆಗೆ ಬಂದಾಗ ಅಕ್ಕ ಮೆಟ್ಟಿಲ ನಡುವೆ ಒಂದು ಗಳಿಗೆ ನಿಂತು, ಸೆರಗಿನಿಂದ ಹಣೆಯೊರೆಸಿಕೊಂಡು, ‘ಏನಿಲ್ಲ, ಗ್ಯಾಸ್ಟ್ರಿಕ್ಕು’ ಎಂದು ನಗುತ್ತಾರೆ.